ಅರೇಯಿಂದ ರಾಂಡಮ್ ಆಗಿ ಒಂದು ಐಟಂ ಆರಿಸುವುದು: ಹಂತ ಹಂತವಾಗಿ, ತಪ್ಪುಗಳ ಸಮೇತ

ಅರೇ ಅಂದರೆ ಕೋಡ್‌ನಲ್ಲಿ ಸಾಲಾಗಿ ಇಟ್ಟ ಐಟಂಗಳ ಪಟ್ಟಿ. ಅದರಿಂದ ಒಂದನ್ನು ಆರಿಸುವುದು ನೋಡೋಕೆ ಒಂದೇ ಸಾಲಿನ ಕೆಲಸ. ಆದರೂ ಹೊಸದಾಗಿ ಕೋಡ್ ಬರೆಯುವವರು ಇಲ್ಲೇ ಮತ್ತೆ ಮತ್ತೆ ಮುಗ್ಗರಿಸುತ್ತಾರೆ. ಕೆಲವರಿಗೆ ಆಗಾಗ ಅನ್‌ಡಿಫೈನ್ಡ್ (ಅಲ್ಲಿ ಏನೂ ಇಲ್ಲ ಅಂತ ಜಾವಾಸ್ಕ್ರಿಪ್ಟ್ ಕೊಡುವ ಉತ್ತರ) ಬರುತ್ತದೆ, ಕೆಲವರಿಗೆ ಯಾವಾಗಲೂ ಮೊದಲನೇ ಐಟಂ ಮಾತ್ರ ಬರುತ್ತದೆ. ಇನ್ನು ಕೆಲವರ ಕೋಡ್ ಎರರ್ ಕೊಡದೆ ಓಡುತ್ತದೆ, ಆದರೆ ಪಟ್ಟಿಯ ಕೊನೆಯ ಐಟಂ ಜನ್ಮದಲ್ಲಿ ಬರುವುದಿಲ್ಲ, ಅದು ಬರುತ್ತಿಲ್ಲ ಅಂತ ಯಾರಿಗೂ ಗೊತ್ತೂ ಆಗುವುದಿಲ್ಲ. ಈ ಮೂರನೆಯದೇ ಜಾಸ್ತಿ ಅಪಾಯ. ಅದಕ್ಕೇ ಇಲ್ಲಿ ಆರಿಸುವುದಕ್ಕಿಂತ, ಆರಿಸಿದ್ದು ಸರಿ ಇದೆಯಾ ಅಂತ ನೋಡುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೋಡ್ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ. ಚುಕ್ಕಿ, ಬ್ರಾಕೆಟ್ಟು ಇದ್ದ ಹಾಗೇ ಇರಲಿ.

## ಏನೇನು ಬೇಕು

ಹೆಚ್ಚೇನಿಲ್ಲ. ಬ್ರೌಸರ್ ಸಾಕು. ಎಫ್12 ಒತ್ತಿ, ಕನ್ಸೋಲ್ ತೆರೆಯಿರಿ, ಅಲ್ಲೇ ಜಾವಾಸ್ಕ್ರಿಪ್ಟ್ ಓಡುತ್ತದೆ. ಪೈಥಾನ್ ಕಲಿಯುತ್ತಿದ್ದರೆ ಅದರ ಟರ್ಮಿನಲ್ ತೆರೆದಿಟ್ಟುಕೊಳ್ಳಿ. ಉದಾಹರಣೆಗೆ ಈ ಅರೇ ತಗೊಳ್ಳೋಣ:

ತಿಂಡಿ = ["ಉಪ್ಪಿಟ್ಟು", "ಇಡ್ಲಿ", "ದೋಸೆ", "ಪೂರಿ", "ಅಕ್ಕಿರೊಟ್ಟಿ"]

ಐದು ಐಟಂ. ಲೆಂತ್ 5. ಆದರೆ ಇಂಡೆಕ್ಸ್ (ಐಟಂ ಇರುವ ಜಾಗದ ಸಂಖ್ಯೆ) 0ಯಿಂದ 4ರವರೆಗೆ. ಉಪ್ಪಿಟ್ಟು 0ಯಲ್ಲಿದೆ, ಅಕ್ಕಿರೊಟ್ಟಿ 4ರಲ್ಲಿದೆ, 5ರಲ್ಲಿ ಏನೂ ಇಲ್ಲ. ಮುಂದೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದನ್ನು ಮರೆತಿದ್ದರಿಂದಲೇ ಆಗುವಂಥವು.

## ಹಂತ 1: ಅರೇ ಕೈಯಲ್ಲಿದೆಯಾ ನೋಡಿ

ಆರಿಸುವುದಕ್ಕೆ ಮುಂಚೆ ಪಟ್ಟಿ ಖಾಲಿಯಲ್ಲ ಅಂತ ಖಚಿತ ಮಾಡಿಕೊಳ್ಳಿ. ಖಾಲಿ ಅರೇ ಕೊಟ್ಟರೆ ಜಾವಾಸ್ಕ್ರಿಪ್ಟ್ ಬೈಯುವುದಿಲ್ಲ, ಸುಮ್ನೆ ಅನ್‌ಡಿಫೈನ್ಡ್ ಕೊಟ್ಟು ಕೂರುತ್ತದೆ, ಎರರ್ ಬರುವುದು ಹತ್ತು ಸಾಲು ಆಚೆ, ಬೇರೆ ಯಾವುದೋ ಫಂಕ್ಷನ್‌ನಲ್ಲಿ. ಪೈಥಾನ್ ಇಂಡೆಕ್ಸ್ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತದೆ. ನನ್ನ ಪ್ರಕಾರ ಅದೇ ಒಳ್ಳೆಯದು.

ಸರ್ವರ್‌ನಿಂದ ಡೇಟಾ ತರಿಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ಡೇಟಾ ಬಂದು ತಲುಪುವ ಮೊದಲೇ ಆರಿಸುವ ಸಾಲು ಓಡಿಬಿಟ್ಟಿರುತ್ತದೆ. ಪೇಜ್ ತೆರೆದ ತಕ್ಷಣ ಅನ್‌ಡಿಫೈನ್ಡ್, ಆಮೇಲೆ ಬಟನ್ ಒತ್ತಿದರೆ ಸರಿ ಬರುತ್ತದೆ ಅಂದರೆ ಕಾರಣ ಬಹುತೇಕ ಇದೇ. ಡೇಟಾ ಬರುವವರೆಗೆ ಅವೇಟ್ (ಕೆಲಸ ಮುಗಿಯುವವರೆಗೆ ಮುಂದಿನ ಸಾಲನ್ನು ತಡೆಯುವ ಪದ) ಹಾಕಿ ಕಾಯಿರಿ.

ಇನ್ನೊಂದು ವಿಷಯ. ಕೈಯಲ್ಲಿರುವುದು ನಿಜವಾಗಿಯೂ ಅರೇನಾ, ಅಥವಾ ಸ್ಟ್ರಿಂಗಾ, ಅಂದರೆ ಬರೀ ಪಠ್ಯವಾ? ಸ್ಟ್ರಿಂಗ್‌ಗೂ ಲೆಂತ್ ಇದೆ, ಇಂಡೆಕ್ಸೂ ಇದೆ, ಹಾಗಾಗಿ ಕೋಡ್ ತಕರಾರಿಲ್ಲದೆ ಓಡಿ ಒಂದು ಅಕ್ಷರ ಎತ್ತಿ ಕೊಡುತ್ತದೆ. ಕನ್ನಡದಲ್ಲಂತೂ ಪೂರ್ತಿ ಅಕ್ಷರವೂ ಸಿಗುವುದಿಲ್ಲ. "ಇಡ್ಲಿ" ನಮಗೆ ಎರಡು ಅಕ್ಷರ, ಆದರೆ ಕಂಪ್ಯೂಟರ್‌ಗೆ ಲೆಂತ್ 5: ಇ, ಡ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ಲ, ಗುಡಿಸು. ಹಾಗಾಗಿ ಬರೀ ಗುಡಿಸೊಂದೇ ಸ್ಕ್ರೀನ್ ಮೇಲೆ ಬಂದು ಕೂರಬಹುದು. ಪದದಾಟ ಮಾಡುತ್ತಿದ್ದರೆ ಅಕ್ಷರಗಳನ್ನು ["ಇ", "ಡ್ಲಿ"] ಅಂತ ನೀವೇ ಅರೇ ಮಾಡಿಟ್ಟುಕೊಂಡು ಅದರಿಂದ ಆರಿಸಿ.

## ಹಂತ 2: ರಾಂಡಮ್ ಸಂಖ್ಯೆ ಪಡೆಯಿರಿ

ಕನ್ಸೋಲ್‌ನಲ್ಲಿ ಇದನ್ನು ನಾಲ್ಕೈದು ಸಲ ಓಡಿಸಿ:

ಮ್ಯಾಥ್.ರಾಂಡಮ್()

0.73 ಬರಬಹುದು, 0.02 ಬರಬಹುದು. 0 ಬರುವುದಕ್ಕೂ ಅವಕಾಶ ಇದೆ. ಆದರೆ 1 ಎಂದಿಗೂ ಬರುವುದಿಲ್ಲ. 0 ಒಳಗೆ, 1 ಹೊರಗೆ. ಮುಂದಿನ ಹಂತ ಪೂರ್ತಿ ನಿಂತಿರುವುದು ಇದರ ಮೇಲೆ.

## ಹಂತ 3: ಅದನ್ನು ಇಂಡೆಕ್ಸ್ ಮಾಡಿ

ಮೊದಲು ಲೆಂತ್‌ನಿಂದ ಗುಣಿಸಿ. ಆಮೇಲೆ ದಶಮಾಂಶ ಕತ್ತರಿಸಿ. ಈ ಕ್ರಮ ಅದಲುಬದಲಾಗಬಾರದು.

ಇಂಡೆಕ್ಸ್ = ಮ್ಯಾಥ್.ಫ್ಲೋರ್(ಮ್ಯಾಥ್.ರಾಂಡಮ್() * ತಿಂಡಿ.ಲೆಂತ್)

5ರಿಂದ ಗುಣಿಸಿದಾಗ 0ಯಿಂದ 4.999ರವರೆಗೆ ಏನಾದರೂ ಬರುತ್ತದೆ. ಫ್ಲೋರ್ ಅದನ್ನು ಕೆಳಗಿನ ಪೂರ್ಣಸಂಖ್ಯೆಗೆ ಇಳಿಸುತ್ತದೆ. ಉಳಿಯುವುದು 0, 1, 2, 3, 4. ಐದಕ್ಕೂ ಸಮ ಪಾಲು.

ಈಗ ತಪ್ಪುಗಳು. ಒಂದೊಂದನ್ನೂ ಕನ್ಸೋಲ್‌ನಲ್ಲಿ ಓಡಿಸಿ ನೋಡಿದರೆ ಮಾತ್ರ ತಲೆಗೆ ಹೋಗುತ್ತದೆ. ಇಲ್ಲಿ ಚಿಕ್ಕದಾಗಿ ಬರೆದಿದ್ದೇನೆ, ಓಡಿಸುವಾಗ ಹಂತ 3ರ ಸಾಲಿನ ಹಾಗೆ "ಮ್ಯಾಥ್." ಮತ್ತು ರಾಂಡಮ್ ಮುಂದಿನ () ಸೇರಿಸಿ, ಲೆಂತ್ ಅಂದಲ್ಲಿ ತಿಂಡಿ.ಲೆಂತ್ ಬರೆಯಿರಿ.

ಫ್ಲೋರ್ ಬದಲು ರೌಂಡ್. ರೌಂಡ್(ರಾಂಡಮ್ * 5) ಬರೆದರೆ 5 ಅನ್ನುವ ಇಂಡೆಕ್ಸ್ ಆಗಾಗ ಬಂದು ಅನ್‌ಡಿಫೈನ್ಡ್ ಸಿಗುತ್ತದೆ. ಅದನ್ನು ಸರಿಮಾಡಲು ಹೋಗಿ ರೌಂಡ್(ರಾಂಡಮ್ * 4) ಬರೆಯುತ್ತಾರೆ. ಅನ್‌ಡಿಫೈನ್ಡ್ ನಿಲ್ಲುತ್ತದೆ, ಎಲ್ಲ ಸರಿಯಾಯಿತು ಅನ್ನಿಸುತ್ತದೆ, ಆದರೆ ಆಗಿರುವುದಿಲ್ಲ. 0 ಬರಬೇಕಾದರೆ ಗುಣಲಬ್ಧ 0ಯಿಂದ 0.5ರ ಒಳಗೆ ಬೀಳಬೇಕು, 1 ಬರಬೇಕಾದರೆ 0.5ರಿಂದ 1.5ರ ಒಳಗೆ ಬಿದ್ದರೆ ಸಾಕು. ಅಂದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಅರ್ಧ ಜಾಗ. ಉಪ್ಪಿಟ್ಟು, ಅಕ್ಕಿರೊಟ್ಟಿ ತಲಾ 12.5%, ನಡುವಿನ ಮೂರೂ ತಲಾ 25%. ಉಪ್ಪಿಟ್ಟು ಕಡಿಮೆ ಬಂದರೆ ಮನೆಯಲ್ಲಿ ಯಾರೂ ದೂರು ಕೊಡುವುದಿಲ್ಲ, ಸರಿ. ಆದರೆ ಅದೇ ಕೋಡ್ ಪರೀಕ್ಷೆಯ ಪ್ರಶ್ನೆ ಆರಿಸುತ್ತಿದ್ದರೆ?

ಸೀಲ್ ಬಳಸುವುದು. ಇದು ಮೇಲಕ್ಕೆ ಏರಿಸುತ್ತದೆ. ಬರುವುದು 1ರಿಂದ 5. ಮೊದಲ ಐಟಂ ಹೆಚ್ಚುಕಡಿಮೆ ಬರುವುದೇ ಇಲ್ಲ, ಐದಕ್ಕೆ ಒಂದು ಸಲ ಅನ್‌ಡಿಫೈನ್ಡ್. ಫ್ಲೋರ್ ಹಾಕಿ ಕೊನೆಗೆ +1 ಸೇರಿಸಿದರೂ ಇದೇ ಕಥೆ. ದಾಳದ ಆಟದ ಕೋಡ್ ಕಾಪಿ ಮಾಡಿದವರಿಗೆ ಈ +1 ಅಂಟಿಕೊಂಡು ಬಂದಿರುತ್ತದೆ. ದಾಳಕ್ಕೆ 1ರಿಂದ 6 ಬೇಕು, ಅರೇಗೆ ಬೇಡ.

ಲೆಂತ್‌ನಿಂದ 1 ಕಳೆಯುವುದು. ಇದು ತುಂಬ ಓದಿಕೊಂಡವರ ತಪ್ಪು. ಕೊನೆಯ ಇಂಡೆಕ್ಸ್ ಲೆಂತ್‌ಗಿಂತ ಒಂದು ಕಡಿಮೆ ಅಂತ ಗೊತ್ತಿರುತ್ತದೆ, ಹಾಗಾಗಿ ಜಾಗ್ರತೆಯಿಂದ ಫ್ಲೋರ್(ರಾಂಡಮ್ * (ಲೆಂತ್ - 1)) ಬರೆಯುತ್ತಾರೆ. ಆದರೆ 1 ಹೊರಗಿಡುವ ಕೆಲಸವನ್ನು ಮ್ಯಾಥ್.ರಾಂಡಮ್ ಆಗಲೇ ಮಾಡಿದೆ ಅಲ್ವಾ? ಇಲ್ಲಿ ಮತ್ತೆ ಕಳೆದರೆ ಅಕ್ಕಿರೊಟ್ಟಿ ಶಾಶ್ವತವಾಗಿ ಹೊರಗೆ. ಎರರ್ ಇಲ್ಲ, ಅನ್‌ಡಿಫೈನ್ಡ್ ಇಲ್ಲ, ಯಾವ ಸುಳಿವೂ ಇಲ್ಲ.

ಬ್ರಾಕೆಟ್ ಬೇಗ ಮುಚ್ಚುವುದು. ಫ್ಲೋರ್(ರಾಂಡಮ್()) * 5 ಬರೆದರೆ ಮೊದಲು 0 ಆಗಿ, ಆಮೇಲೆ 5ರಿಂದ ಗುಣಿಸಿ ಮತ್ತೆ 0. ಯಾವಾಗಲೂ ಉಪ್ಪಿಟ್ಟೇ. ಜಾವಾದಲ್ಲಿ ಇದರ ಅಣ್ಣ ಇದ್ದಾನೆ: (ಇಂಟ್) ಮ್ಯಾಥ್.ರಾಂಡಮ್() * 5. ಅಲ್ಲಿ ಇಂಟ್ ಅನ್ನುವುದು ಗುಣಾಕಾರಕ್ಕಿಂತ ಮೊದಲು ಕೆಲಸ ಮಾಡುತ್ತದೆ, ಹಾಗಾಗಿ ಉತ್ತರ 0 ಬಿಟ್ಟು ಬೇರೆ ಬರುವುದಿಲ್ಲ. ಗುಣಾಕಾರ ಪೂರ್ತಿ ಇನ್ನೊಂದು ಬ್ರಾಕೆಟ್ ಒಳಗೆ ಹೋಗಬೇಕು.

ಪಾರ್ಸ್‌ಇಂಟ್ ಬಳಸುವುದು. ಇದು ಸಂಖ್ಯೆಯನ್ನು ಮೊದಲು ಸ್ಟ್ರಿಂಗ್ ಮಾಡಿ ಆಮೇಲೆ ಓದುತ್ತದೆ. ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಗುಣಲಬ್ಧ 0.0000007 ಬಂದರೆ ಜಾವಾಸ್ಕ್ರಿಪ್ಟ್ ಅದನ್ನು "7ಇ-7" ಅಂತ ಬರೆಯುತ್ತದೆ, ಪಾರ್ಸ್‌ಇಂಟ್ ಅದರಲ್ಲಿ 7 ಮಾತ್ರ ಓದುತ್ತದೆ, ಐದು ಐಟಂ ಅರೇಯಲ್ಲಿ 7ನೇ ಇಂಡೆಕ್ಸ್ ಎಲ್ಲಿಂದ ಬರಬೇಕು? ಐದು ಐಟಂ ಇದ್ದರೆ ಇಂಥ ಸಂಖ್ಯೆ ಬೀಳುವುದು ಸುಮಾರು 50 ಲಕ್ಷಕ್ಕೆ ಒಂದು ಸಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂದೂ ಸಿಗದ ಬಗ್ ಅದು. ಫ್ಲೋರ್ ಇರುವಾಗ ಈ ತಲೆನೋವು ಯಾಕೆ?

## ಹಂತ 4: ಐಟಂ ತೆಗೆಯಿರಿ

ಆಯ್ಕೆ = ತಿಂಡಿ[ಇಂಡೆಕ್ಸ್]

ಇಷ್ಟೇ. ಮೂರನೇ ಹಂತ, ನಾಲ್ಕನೇ ಹಂತ ಒಂದೇ ಸಾಲಿನಲ್ಲಿ ತುರುಕಬಹುದು, ಆದರೆ ಕಲಿಯುವಾಗ ಬೇರೆ ಬೇರೆ ಇಡಿ. ಅನ್‌ಡಿಫೈನ್ಡ್ ಬಂದಾಗ ಇಂಡೆಕ್ಸ್ ಪ್ರಿಂಟ್ ಮಾಡಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಇಂಡೆಕ್ಸ್ 5 ಬಂದಿದ್ದರೆ ಗಡಿ ತಪ್ಪಿದೆ, ಹಂತ 3ಕ್ಕೆ ವಾಪಸ್ ಹೋಗಿ. 2.73 ಅಂತ ಬಂದಿದ್ದರೆ ಫ್ಲೋರ್ ಮರೆತಿದ್ದೀರಿ. ನ್ಯಾನ್ (ಸಂಖ್ಯೆಯೇ ಅಲ್ಲ ಅಂತ ಅರ್ಥ) ಬಂದಿದ್ದರೆ ಲೆಂತ್ ಸ್ಪೆಲಿಂಗ್ ನೋಡಿ, ಕೊನೆಯ ಎರಡು ಇಂಗ್ಲಿಷ್ ಅಕ್ಷರ ಹಿಂದುಮುಂದಾಗಿರುತ್ತದೆ. ಅದಕ್ಕೆ ಜಾವಾಸ್ಕ್ರಿಪ್ಟ್ ಎರರ್ ಕೊಡುವುದಿಲ್ಲ. ಇಂಡೆಕ್ಸ್ ಸರಿಯಾಗಿ 2 ಅಂತ ಬಂದೂ ಐಟಂ ಅನ್‌ಡಿಫೈನ್ಡ್ ಆದರೆ, ಹಿಂದೆ ಎಲ್ಲೋ ಡಿಲೀಟ್ ಬಳಸಿ ಐಟಂ ತೆಗೆದಿದ್ದೀರಿ. ಡಿಲೀಟ್ ಮಾಡಿದರೆ ಐಟಂ ಹೋಗುತ್ತದೆ, ತೂತು ಉಳಿಯುತ್ತದೆ, ಲೆಂತ್ ಹಾಗೇ ಇರುತ್ತದೆ. ತೆಗೆಯಲು ಸ್ಪ್ಲೈಸ್ ಬಳಸಿ.

ರಿಯಾಕ್ಟ್ ಬಳಸುವವರಿಗೆ ಒಂದು ಮಾತು: ಈ ಸಾಲನ್ನು ಕಾಂಪೊನೆಂಟ್ ಒಳಗೆ ನೇರವಾಗಿ ಬರೆದರೆ ಪ್ರತಿ ರೆಂಡರ್‌ಗೂ ಹೊಸ ಐಟಂ ಬರುತ್ತದೆ. ಪಕ್ಕದ ಬಾಕ್ಸ್‌ನಲ್ಲಿ ಹೆಸರು ಟೈಪ್ ಮಾಡುತ್ತಿದ್ದರೆ ಒಂದೊಂದು ಕೀಗೂ ತಿಂಡಿ ಬದಲಾಗುತ್ತಿರುತ್ತದೆ. ಯೂಸ್‌ಸ್ಟೇಟ್‌ಗೆ ಫಂಕ್ಷನ್ ಆಗಿ ಕೊಡಿ, ಒಮ್ಮೆ ಮಾತ್ರ ಆರಿಸುತ್ತದೆ.

## ಹಂತ 5: ಎಣಿಸಿ ನೋಡಿ

ಎಲ್ಲರೂ ಬಿಡುವ ಹಂತ ಇದು, ಬಿಡಬೇಡಿ. ನಾಲ್ಕು ಸಲ ಬಟನ್ ಒತ್ತಿ "ಬರ್ತಾ ಇದೆ" ಅಂದರೆ ಅದು ಪರೀಕ್ಷೆ ಅಲ್ಲ. ಒಂದು ಲೂಪ್ ಬರೆದು 1,00,000 ಸಲ ಆರಿಸಿ, ಯಾವುದು ಎಷ್ಟು ಸಲ ಬಂತು ಅಂತ ಲೆಕ್ಕ ಇಡಿ. ಐದು ಐಟಂಗೆ ತಲಾ 20,000ದ ಆಸುಪಾಸು ಬರಬೇಕು. ಸರಿಯಾಗಿ 20,000 ಬರುವುದಿಲ್ಲ, ಬರಲೂಬಾರದು. 19,600ರಿಂದ 20,400ರ ಒಳಗಿದ್ದರೆ ನೆಮ್ಮದಿಯಾಗಿರಿ.

ರೌಂಡ್ ತಪ್ಪು ಇದ್ದರೆ ಎರಡು ತುದಿಯಲ್ಲಿ 12,500ರ ಹತ್ತಿರ, ನಡುವೆ 25,000ದ ಹತ್ತಿರ ಕಾಣುತ್ತದೆ. ಲೆಂತ್‌ನಿಂದ 1 ಕಳೆದಿದ್ದರೆ ಕೊನೆಯದು ಲೆಕ್ಕದಲ್ಲೇ ಇರುವುದಿಲ್ಲ. ಅನ್‌ಡಿಫೈನ್ಡ್ ಅನ್ನುವ ಆರನೇ ಸಾಲು ಬಂದರೆ ಗಡಿ ದಾಟಿದ್ದೀರಿ. ಒಂದು ನಿಮಿಷದ ಕೆಲಸ, ಹಂತ 3ರ ತಪ್ಪುಗಳಲ್ಲಿ ಪಾರ್ಸ್‌ಇಂಟ್ ಬಿಟ್ಟು ಉಳಿದೆಲ್ಲ ಇದರಲ್ಲಿ ಸಿಕ್ಕಿಬೀಳುತ್ತವೆ.

## ಹಂತ 6: ನಿಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಡವುವ ಜಾಗಗಳು

ಪೈಥಾನ್. ಲೆಕ್ಕವೇ ಬೇಡ, ರಾಂಡಮ್.ಚಾಯ್ಸ್(ತಿಂಡಿ) ಬರೆದರೆ ಮುಗಿಯಿತು. ಆದರೂ ಜನ ರಾಂಡ್‌ಇಂಟ್(0, ಲೆನ್(ತಿಂಡಿ)) ಬರೆಯುತ್ತಾರೆ. ರಾಂಡ್‌ಇಂಟ್ ಎರಡೂ ತುದಿ ಸೇರಿಸಿಕೊಳ್ಳುತ್ತದೆ, ಹಾಗಾಗಿ 5 ಕೂಡ ಬರುತ್ತದೆ, ಆರಕ್ಕೆ ಒಂದು ಸಲ ಇಂಡೆಕ್ಸ್ ಎರರ್. ಇಂಡೆಕ್ಸೇ ಬೇಕಿದ್ದರೆ ರಾಂಡ್‌ರೇಂಜ್ ಬಳಸಿ, ಅದು ಮೇಲಿನ ತುದಿ ಬಿಡುತ್ತದೆ.

ಸೆಟ್ ಕೊಟ್ಟರೆ ಚಾಯ್ಸ್ ಕೆಲಸ ಮಾಡುವುದಿಲ್ಲ, ಮೊದಲು ಲಿಸ್ಟ್ ಮಾಡಿ. ಹೆಸರಲ್ಲಿ ಎಸ್ ಸೇರಿರುವ ಚಾಯ್ಸಸ್ ಬೇರೆ ಫಂಕ್ಷನ್, ಒಂದೇ ಐಟಂ ಬೇಕಿದ್ದರೂ ಲಿಸ್ಟ್‌ನಲ್ಲಿಟ್ಟು ಕೊಡುತ್ತದೆ. ಇನ್ನು, ನಿಮ್ಮ ಫೈಲಿಗೇ ರಾಂಡಮ್.ಪಿವೈ ಅಂತ ಹೆಸರಿಟ್ಟರೆ ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡಿ "ಚಾಯ್ಸ್ ಅನ್ನುವುದೇ ಇಲ್ಲ" ಅನ್ನುತ್ತದೆ. ಕಾಲೇಜ್ ಲ್ಯಾಬ್‌ಗಳಲ್ಲಿ ಇದು ಸರ್ವೇಸಾಮಾನ್ಯ. ಫೈಲ್ ಹೆಸರು ಬದಲಿಸಿ, ಅಷ್ಟೇ.

ಜಾವಾ. ರಾಂಡಮ್ ಆಬ್ಜೆಕ್ಟ್ ಒಂದು ಮಾಡಿ ನೆಕ್ಸ್ಟ್‌ಇಂಟ್(ತಿಂಡಿ.ಲೆಂತ್) ಕರೆಯಿರಿ. ಬ್ರಾಕೆಟ್ ಖಾಲಿ ಬಿಟ್ಟು, ಬಂದದ್ದಕ್ಕೆ ಆಬ್ಸ್ (ಋಣ ಚಿಹ್ನೆ ತೆಗೆಯುವ ಫಂಕ್ಷನ್) ಹಾಕಿ, ಶೇಷ ತೆಗೆಯುವ ಹಳೇ ದಾರಿ ಬೇಡ. ಅತಿ ಚಿಕ್ಕ ಋಣಸಂಖ್ಯೆ ಬಂದರೆ ಆಬ್ಸ್ ಹಾಕಿದರೂ ಅದು ಋಣವಾಗಿಯೇ ಉಳಿಯುತ್ತದೆ.

ಸಿ. ಎಸ್‌ರಾಂಡ್ (ರಾಂಡಮ್ ಸರಣಿಗೆ ಸೀಡ್, ಅಂದರೆ ಶುರುವಿನ ಸಂಖ್ಯೆ ಕೊಡುವ ಫಂಕ್ಷನ್) ಕರೆಯದಿದ್ದರೆ ಪ್ರೋಗ್ರಾಂ ಓಡಿಸಿದಾಗಲೆಲ್ಲ ಅದೇ ಸರಣಿ ಬರುತ್ತದೆ. ಲೂಪ್ ಒಳಗೆ ಎಸ್‌ರಾಂಡ್(ಟೈಮ್(ನಲ್)) ಹಾಕಿದರೆ ಇನ್ನೂ ಕೆಟ್ಟದು, ಒಂದು ಸೆಕೆಂಡ್ ಒಳಗೆ ಆರಿಸಿದ್ದೆಲ್ಲ ಒಂದೇ ಐಟಂ. ಮೇನ್ ಶುರುವಿನಲ್ಲಿ ಒಂದೇ ಒಂದು ಸಲ ಹಾಕಿ. ರಾಂಡ್() % 5 ಚಿಕ್ಕ ಅರೇಗೆ ನಡೆಯುತ್ತದೆ. ಅರೇ ದೊಡ್ಡದಾದರೆ ಜೋಪಾನ: ಕೆಲವು ಕಂಪೈಲರ್‌ಗಳಲ್ಲಿ ರಾಂಡ್ ಕೊಡುವುದು 0ಯಿಂದ 32,767ರವರೆಗೆ ಮಾತ್ರ. 10,000 ಐಟಂ ಇದ್ದರೆ ಮೊದಲ 2,768 ಐಟಂಗೆ ನಾಲ್ಕು ನಾಲ್ಕು ಅವಕಾಶ, ಉಳಿದವಕ್ಕೆ ಮೂರು ಮೂರು.

ಪಿಎಚ್‌ಪಿ. ಅರೇ_ರಾಂಡ್ ಕೊಡುವುದು ಐಟಂ ಅಲ್ಲ, ಕೀ, ಅಂದರೆ ಐಟಂ ಇರುವ ಜಾಗದ ಗುರುತು. "ದೋಸೆ" ಬರಬೇಕಾದ ಕಡೆ 2 ಅಂತ ಬಂದರೆ ಗಾಬರಿ ಬೇಡ, ಆ ಕೀ ಹಾಕಿ ಅರೇಯಿಂದ ತೆಗೆಯಿರಿ.

ಗೋ. ರಾಂಡ್.ಇಂಟ್‌ಎನ್(ಲೆನ್(ತಿಂಡಿ)). ಖಾಲಿ ಸ್ಲೈಸ್ (ಗೋದಲ್ಲಿ ಪಟ್ಟಿಗೆ ಬಳಸುವ ರೂಪ) ಕೊಟ್ಟರೆ ಪ್ಯಾನಿಕ್ ಆಗುತ್ತದೆ, ಅಂದರೆ ಪ್ರೋಗ್ರಾಂ ನಿಂತುಬಿಡುತ್ತದೆ. 1.20ಕ್ಕಿಂತ ಹಳೆಯ ಆವೃತ್ತಿಯಲ್ಲಿ ಸೀಡ್ ನೀವೇ ಹಾಕಬೇಕು, ಇಲ್ಲದಿದ್ದರೆ ದಿನಾ ಅದೇ ಸರಣಿ.

ರೂಬಿಯಲ್ಲಿ ಸ್ಯಾಂಪಲ್, ಕೋಟ್ಲಿನ್‌ನಲ್ಲಿ ರಾಂಡಮ್, ಸ್ವಿಫ್ಟ್‌ನಲ್ಲಿ ರಾಂಡಮ್‌ಎಲಿಮೆಂಟ್. ಇವೆಲ್ಲ ರೆಡಿ ಇವೆ, ಇಂಡೆಕ್ಸ್ ಲೆಕ್ಕ ಕೈಯಲ್ಲಿ ಮಾಡಬೇಡಿ.

## ಹಂತ 7: ಅದೇ ಐಟಂ ಮತ್ತೆ ಬರಬಾರದು ಅಂದರೆ

"ರಾಂಡಮ್ ಸರಿ ಕೆಲಸ ಮಾಡ್ತಿಲ್ಲ, ದೋಸೆ ಮೂರು ಸಲ ಬಂತು" ಅನ್ನುವ ದೂರು ಬಂದರೆ ಮೊದಲು ಹಂತ 5 ಮಾಡಿ. ಎಣಿಕೆ ಸರಿ ಇದ್ದರೆ ಕೋಡ್ ಸರಿ ಇದೆ. ಐದು ಐಟಂನಿಂದ ಐದು ಸಲ ಆರಿಸಿದಾಗ ಐದೂ ಬೇರೆ ಬೇರೆ ಬರುವ ಸಾಧ್ಯತೆ 4%ಗಿಂತ ಕಡಿಮೆ. ಮತ್ತೆ ಬರುವುದೇ ಸಹಜ. ನಿಮಗೆ ಬೇಕಿರುವುದು ರಾಂಡಮ್ ಅಲ್ಲ, ಸರದಿ.

ಹಿಂದಿನದೇ ತಕ್ಷಣ ಬರಬಾರದು ಅಂತಿದ್ದರೆ, ಇಂಡೆಕ್ಸನ್ನು ಒಂದು ಕಡಿಮೆ ಲೆಂತ್‌ನಿಂದ ಆರಿಸಿ, ಬಂದದ್ದು ಹಿಂದಿನ ಇಂಡೆಕ್ಸ್‌ಗೆ ಸಮ ಅಥವಾ ಹೆಚ್ಚಿದ್ದರೆ 1 ಕೂಡಿಸಿ. ಹಂತ 3ರಲ್ಲಿ ಬೇಡ ಅಂದ "ಲೆಂತ್ - 1" ಸರಿಯಾಗಿ ಕೂರುವ ಜಾಗ ಇದು. "ಬೇರೆಯದು ಬರುವವರೆಗೆ ಆರಿಸುತ್ತಿರು" ಅಂತ ಲೂಪ್ ಹಾಕಿದರೆ, ಪಟ್ಟಿಯಲ್ಲಿ ಒಂದೇ ಐಟಂ ಉಳಿದ ದಿನ ಬ್ರೌಸರ್ ಹ್ಯಾಂಗ್ ಆಗುತ್ತದೆ. ಮೇಲಿನ ದಾರಿಗೂ ಕನಿಷ್ಠ ಎರಡು ಐಟಂ ಬೇಕು, ಅದನ್ನು ಮೊದಲೇ ನೋಡಿಕೊಳ್ಳಿ.

ಎಲ್ಲವೂ ಒಂದೊಂದು ಸಲ ಬರಬೇಕು ಅಂತಿದ್ದರೆ ಇಸ್ಪೀಟಿನ ಕಟ್ಟಿನ ಹಾಗೆ ಕಲಸಿ, ಮೇಲಿನಿಂದ ಒಂದೊಂದೇ ತೆಗೆಯಿರಿ. ಕಲಸುವ ಸರಿಯಾದ ದಾರಿ ಫಿಶರ್-ಯೇಟ್ಸ್: ಕೊನೆಯ ಐಟಂನಿಂದ ಶುರು ಮಾಡಿ. ಈಗ ಇರುವ ಜಾಗ ಐ ಆದರೆ, 0ಯಿಂದ ಐವರೆಗೆ, ಐ ಕೂಡ ಸೇರಿಸಿ, ಒಂದು ರಾಂಡಮ್ ಇಂಡೆಕ್ಸ್ ಆರಿಸಿ. ಎರಡನ್ನೂ ಅದಲುಬದಲು ಮಾಡಿ, ಒಂದು ಹೆಜ್ಜೆ ಕೆಳಗಿಳಿಯಿರಿ. ಐ 1 ಆಗುವವರೆಗೆ ಹೀಗೇ.

ಪ್ರತಿ ಹೆಜ್ಜೆಗೂ ಪೂರ್ತಿ ಅರೇಯಿಂದ ಆರಿಸಿದರೆ ಕೆಡುತ್ತದೆ. ಮೂರು ಐಟಂ ತಗೊಂಡು ಲೆಕ್ಕ ಹಾಕಿ. ಮೂರು ಹೆಜ್ಜೆ, ಪ್ರತಿ ಹೆಜ್ಜೆಗೂ ಮೂರು ಆಯ್ಕೆ, ಒಟ್ಟು 27 ದಾರಿ. ಸಾಧ್ಯವಿರುವ ಕ್ರಮಗಳು 6. 27ನ್ನು 6ಕ್ಕೆ ಸಮವಾಗಿ ಹಂಚಲು ಬರುವುದಿಲ್ಲ, ಹಾಗಾಗಿ ಕೆಲವು ಕ್ರಮಗಳು ಜಾಸ್ತಿ ಬಂದೇ ಬರುತ್ತವೆ.

ಇನ್ನೊಂದು ಜನಪ್ರಿಯ ಅಡ್ಡದಾರಿ, ಸಾರ್ಟ್ ಒಳಗೆ ಮ್ಯಾಥ್.ರಾಂಡಮ್() - 0.5 ಹಾಕುವುದು. ಇದನ್ನು ಬಿಟ್ಟುಬಿಡಿ. 2010ರಲ್ಲಿ ಯುರೋಪಿನಲ್ಲಿ ಮೈಕ್ರೋಸಾಫ್ಟ್ ಬ್ರೌಸರ್ ಆಯ್ಕೆಯ ಪುಟ ತಂದಾಗ ಹೆಸರುಗಳನ್ನು ಇದೇ ರೀತಿ ಕಲಸಿತ್ತು. ಯಾವ ಬ್ರೌಸರ್ ಎಲ್ಲಿ ಕೂರುತ್ತದೆ ಅನ್ನುವುದರಲ್ಲಿ ಸಮಪಾಲು ಇರಲಿಲ್ಲ, ಜನ ಎಣಿಸಿ ತೋರಿಸಿದರು, ಕಂಪನಿ ಕೋಡ್ ಬದಲಿಸಬೇಕಾಯಿತು.

ಪೈಥಾನ್‌ನಲ್ಲಿ ಶಫಲ್ ರೆಡಿ ಇದೆ. ಆದರೆ ಅದು ಇದ್ದ ಲಿಸ್ಟನ್ನೇ ಕಲಸುತ್ತದೆ, ವಾಪಸ್ ಕೊಡುವುದು ನನ್ (ಏನೂ ಇಲ್ಲ ಅನ್ನುವ ಬೆಲೆ). ತಿಂಡಿ = ಶಫಲ್(ತಿಂಡಿ) ಬರೆದರೆ ಇದ್ದ ಪಟ್ಟಿಯೂ ಹೋಯಿತು. ಎಲ್ಲ ಬೇಡ, ಎರಡು ಮೂರು ಬೇರೆ ಬೇರೆ ಐಟಂ ಸಾಕು ಅಂತಿದ್ದರೆ ಸ್ಯಾಂಪಲ್ ಬಳಸಿ.

## ಹಂತ 8: ಕೆಲವು ಐಟಂ ಜಾಸ್ತಿ ಬರಬೇಕು ಅಂದರೆ

ದೋಸೆಗೆ ತೂಕ 5, ಇಡ್ಲಿಗೆ 3, ಉಪ್ಪಿಟ್ಟಿಗೆ 1 ಅಂತಿಟ್ಟುಕೊಳ್ಳಿ. ಒಟ್ಟು 9. ಮ್ಯಾಥ್.ರಾಂಡಮ್() * 9 ತೆಗೆಯಿರಿ, ಇಲ್ಲಿ ಫ್ಲೋರ್ ಬೇಡ. ಬಂದದ್ದರಿಂದ ದೋಸೆಯ 5 ಕಳೆಯಿರಿ, 0ಗಿಂತ ಕೆಳಗೆ ಹೋದರೆ ದೋಸೆ. ಇಲ್ಲದಿದ್ದರೆ ಇಡ್ಲಿಯ 3 ಕಳೆಯಿರಿ, ಕೆಳಗೆ ಹೋದರೆ ಇಡ್ಲಿ. ಹೀಗೇ ಮುಂದೆ. ಹೋಲಿಸುವಾಗ "0ಗಿಂತ ಕಡಿಮೆ" ಅಂತಲೇ ಇರಲಿ, "ಸಮ ಅಥವಾ ಕಡಿಮೆ" ಬೇಡ, ಇಲ್ಲದಿದ್ದರೆ ತೂಕ 0 ಇರುವ ಐಟಂ ಕೂಡ ಅಪರೂಪಕ್ಕೆ ನುಸುಳಬಹುದು. ಪೈಥಾನ್‌ನಲ್ಲಿ ಚಾಯ್ಸಸ್‌ಗೆ ವೇಟ್ಸ್ ಕೊಟ್ಟರೆ ಸಾಕು.

ಐಟಂ ಹೆಸರನ್ನೇ ಐದು ಸಲ ಅರೇಯಲ್ಲಿ ತುಂಬುವವರೂ ಇದ್ದಾರೆ. ಚಿಕ್ಕ ಪಟ್ಟಿಗೆ ಅದೂ ಪರವಾಗಿಲ್ಲ.

## ಹಂತ 9: ದುಡ್ಡು, ಬಹುಮಾನ, ಪಾಸ್‌ವರ್ಡ್ ಇದ್ದರೆ

ಇಲ್ಲಿ ಮ್ಯಾಥ್.ರಾಂಡಮ್ ಬೇಡವೇ ಬೇಡ. ಅದರ ಕೆಲವು ಸಂಖ್ಯೆ ನೋಡಿ ಮುಂದಿನದು ಏನು ಬರುತ್ತದೆ ಅಂತ ಲೆಕ್ಕ ಹಾಕಲು ಬರುತ್ತದೆ. ಪೈಥಾನ್‌ನಲ್ಲಿ ಸೀಕ್ರೆಟ್ಸ್.ಚಾಯ್ಸ್, ನೋಡ್‌ನಲ್ಲಿ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಕ್ರಿಪ್ಟೋ.ರಾಂಡಮ್‌ಇಂಟ್, ಜಾವಾದಲ್ಲಿ ಸೆಕ್ಯೂರ್‌ರಾಂಡಮ್, ಪಿಎಚ್‌ಪಿಯಲ್ಲಿ ರಾಂಡಮ್_ಇಂಟ್ ಬಳಸಿ.

ಬೈಟ್ ತೆಗೆದು ನೀವೇ ಶೇಷ ಲೆಕ್ಕ ಹಾಕಲು ಹೋಗಬೇಡಿ. ಪಾಸ್‌ವರ್ಡ್‌ಗೆ 62 ಅಕ್ಷರದ ಅರೇ ಇದೆ ಅನ್ನಿ. ಒಂದು ಬೈಟ್‌ನಲ್ಲಿ 256 ಬೆಲೆ. 62ರ ನಾಲ್ಕು ಸುತ್ತು ಮುಗಿದ ಮೇಲೆ 8 ಮಿಗುತ್ತದೆ, ಆ ಎಂಟೂ ಮೊದಲ ಎಂಟು ಅಕ್ಷರಗಳ ಪಾಲಿಗೆ ಹೋಗುತ್ತದೆ. ಅವು ಉಳಿದವಕ್ಕಿಂತ 25% ಜಾಸ್ತಿ ಬರುತ್ತವೆ. ನೋಡ್‌ನ ರಾಂಡಮ್‌ಇಂಟ್ ಈ ಮಿಗತೆಯನ್ನು ತಾನೇ ಎಸೆದು ಮತ್ತೆ ತೆಗೆಯುತ್ತದೆ.

ಬಹುಮಾನದ ಆಯ್ಕೆ ಸರ್ವರ್‌ನಲ್ಲೇ ಆಗಲಿ. ಬ್ರೌಸರ್‌ನಲ್ಲಿ ಆರಿಸಿದರೆ, ಎಫ್12 ಒತ್ತಲು ಗೊತ್ತಿರುವ ಯಾರಾದರೂ ಮ್ಯಾಥ್.ರಾಂಡಮ್ ಜಾಗದಲ್ಲಿ ತಮ್ಮದೇ ಫಂಕ್ಷನ್ ಕೂರಿಸಿ, ಬೇಕಾದ ಬಹುಮಾನ ಬರಿಸಿಕೊಳ್ಳಬಹುದು. ಸರ್ವರ್ ಆರಿಸಲಿ, ಸಮಯದ ಜೊತೆ ದಾಖಲೆ ಬರೆದಿಡಲಿ, ಬ್ರೌಸರ್ ಚಕ್ರ ತಿರುಗಿಸಿ ತೋರಿಸುವ ಕೆಲಸ ಮಾತ್ರ ಮಾಡಲಿ.